ಟೈರ್ ತಗೊಂಡದ್ದು ಒಂದು ದಿನ, ಗಾಳಿ ಕಲಿತದ್ದು ಎರಡು ಮಳೆಗಾಲ

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಟಾರ್ ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್. ಅರ್ಧ ಕಾಂಕ್ರೀಟ್, ಉಳಿದದ್ದು ಕೆಂಪು ಮಣ್ಣು. ಬೇಸಿಗೆಯಲ್ಲಿ ಸಣ್ಣ ಕಾರು ಕೂಡ ಆರಾಮಾಗಿ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮುಗಿಯಿತು, ನೀರು ಹರಿಯುವುದಕ್ಕೂ ನಾವು ಓಡಾಡುವುದಕ್ಕೂ ಅದೊಂದೇ ದಾರಿ.

2023ರ ಕೊನೆಯಲ್ಲಿ ಜಿಮ್ನಿ ತಗೊಂಡೆ, ಮಾರುತಿಯ ಸಣ್ಣ ಫೋರ್ ವೀಲ್ ಜೀಪ್. ಅದಕ್ಕೆ ಕಂಪನಿಯಿಂದ ಬರುವುದು 195/80 ಆರ್15 ಅಳತೆಯ ಹೈವೇ ಟೈರ್. 195 ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ, 80 ಅಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, 15 ರಿಮ್ಮಿನ ಇಂಚು. ಫೋರ್ ವೀಲ್, ಮೆಲ್ಲಗೆ ಜೋರಾಗಿ ಎಳೆಯುವ ಲೋ ರೇಂಜ್ ಗೇರ್ ಎಲ್ಲ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಟೈರ್ ಬದಲಾಯಿಸುವ ಯೋಚನೆ ಬಂದದ್ದು ಕೆಸರಿನಿಂದ ಅಲ್ಲ. ಮುಂದಿನ ಏಪ್ರಿಲ್‌ನಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ನಡೆಯುತ್ತಿತ್ತು. ದಾರಿ ಪಕ್ಕ ಬಿದ್ದಿದ್ದ ಕೊಂಬೆಯ ಚೂಪು ತುದಿ ಎಡಗಡೆ ಹಿಂದಿನ ಟೈರ್‌ನ ಪಕ್ಕೆಯನ್ನು ಸೀಳಿಬಿಟ್ಟಿತು. ಬೆರಳು ತೂರುವಷ್ಟು ಉದ್ದ. ಪಂಕ್ಚರ್ ಅಂಗಡಿಯವನು ನೋಡಿದವನೇ ತಲೆ ಅಲ್ಲಾಡಿಸಿದ. ನೆಲಕ್ಕೆ ತಾಗುವ ಭಾಗದಲ್ಲಿ ಉಕ್ಕಿನ ಪಟ್ಟಿ ಇರುತ್ತದೆ, ಅಲ್ಲಿ ಮೊಳೆ ಹೊಕ್ಕರೆ ರಿಪೇರಿ ನಿಲ್ಲುತ್ತದೆ. ಪಕ್ಕೆಯಲ್ಲಿ ಇರುವುದು ಬರೀ ನೂಲಿನ ಪದರ. ಚಕ್ರ ಸುತ್ತಿದಾಗಲೆಲ್ಲ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಹಾಕಿದ ತೇಪೆ ನಿಲ್ಲುವುದಿಲ್ಲ.

ಒಂದು ಹೇಗೂ ಹೋಯಿತು, ಎಲ್ಲ ಬದಲಾಯಿಸಿ ಆಲ್ ಟೆರೇನ್, ಅಂದರೆ ಟಾರ್‌ಗೂ ಕಚ್ಚಾ ದಾರಿಗೂ ಆಗುವ ದಪ್ಪ ಹಲ್ಲಿನ ಟೈರ್ ಹಾಕಿಬಿಡೋಣ ಅಂತ ಹೊರಟೆ.

ಮೊದಲ ಜಗಳ ಅಗಲದ್ದು. ನನಗೆ 235/75 ಆರ್15 ಮೇಲೆ ಕಣ್ಣು. ನೋಡೋಕೆ ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಲೆಕ್ಕ ಹಾಕಿದೆ. ಕಂಪನಿ ಟೈರ್‌ನ ಎತ್ತರ 693 ಮಿಲಿಮೀಟರ್. ಇದರದ್ದು 733. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಗಾಡಿಯನ್ನು ಎತ್ತರಿಸಬೇಕು, ಇಲ್ಲವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜುತ್ತದೆ. 134 ನ್ಯೂಟನ್ ಮೀಟರ್ ಟಾರ್ಕ್‌ನ ಪೆಟ್ರೋಲ್ ಎಂಜಿನ್‌ಗೆ ಅಷ್ಟು ದೊಡ್ಡ ಚಕ್ರ ಎಳೆಯುವುದು ಸುಲಭವಲ್ಲ. ಜೊತೆಗೆ ಆರ್‌ಟಿಒ, ಇನ್ಶೂರೆನ್ಸ್ ತಲೆನೋವು ಬೇರೆ.

ಇಷ್ಟರಲ್ಲಿ ಮಾವ ಬಂದರು. ಅವರು ಮೂವತ್ತು ವರ್ಷ ಹಳೇ ಜೀಪ್ ಓಡಿಸಿದವರು. 6.00-16ರ ಸಪೂರ ಟೈರ್‌ನಲ್ಲಿ, ಮಳೆಗಾಲಕ್ಕೆ ಕಬ್ಬಿಣದ ಚೈನ್ ಸುತ್ತಿಕೊಂಡು ಊರೆಲ್ಲ ಸುತ್ತಿದವರು. ಅವರದ್ದು ಒಂದೇ ಪ್ರಶ್ನೆ: "ನೀನು ಕೆಸರಲ್ಲಿ ದೋಣಿ ತರ ತೇಲ್ಬೇಕೋ, ಇಳ್ದು ಗಟ್ಟಿ ನೆಲ ಮುಟ್ಬೇಕೋ ಮಾರಾಯ?"

ಅವರ ಮಾತಲ್ಲಿ ಸತ್ಯ ಇತ್ತು. ನಮ್ಮ ದಾರಿಯಲ್ಲಿ ಮೇಲಿನ ಅರ್ಧ ಅಡಿ ಮಾತ್ರ ಗೊಚ್ಚೆ, ಕೆಳಗೆ ಗಟ್ಟಿ ನೆಲ. ಅಂಥ ಕಡೆ ಸಪೂರ ಟೈರ್ ಕೊರೆದು ಕೆಳಗೆ ಇಳಿಯುತ್ತದೆ, ಹಿಡಿತ ಸಿಗುತ್ತದೆ. ಅಗಲದ ಟೈರ್ ಮೇಲೆ ಮೇಲೆ ಜಾರುತ್ತದೆ. ಮರಳಿನಲ್ಲಾದರೆ ಇದೇ ಮಾತು ತಿರುಗುಮುರುಗು. ನಮಗೆ ಮರಳು ಎಲ್ಲಿಂದ ಬರಬೇಕು?

ಕೊನೆಗೆ ನಿಂತದ್ದು 215/75 ಆರ್15ಕ್ಕೆ. ಎತ್ತರ 703 ಮಿಲಿಮೀಟರ್ ಚಿಲ್ಲರೆ, ಅಂದರೆ ಒಂದೂವರೆ ಶೇಕಡಾ ಮಾತ್ರ ಜಾಸ್ತಿ. ಏನೂ ಕತ್ತರಿಸಬೇಕಿಲ್ಲ, ಎತ್ತರಿಸಬೇಕಿಲ್ಲ. ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು: ಇದು ಬೊಲೆರೊ ಟೈರ್‌ನ ಅಳತೆ. ಮಲೆನಾಡಿನ ಯಾವ ಸಣ್ಣ ಪೇಟೆಯಲ್ಲಿ ಟೈರ್ ಹೋದರೂ ಬೊಲೆರೊ ಟೈರ್ ಸಿಗುತ್ತದೆ, ತಾತ್ಕಾಲಿಕಕ್ಕಾದರೂ ಸರಿ.

ಆಮೇಲೆ ಎಲ್‌ಟಿ ಪ್ರಶ್ನೆ. ಟೈರ್‌ನ ಪಕ್ಕೆಯಲ್ಲಿ ಅಳತೆಯ ಜೊತೆ ಎಲ್‌ಟಿ ಅಂತ ಇದ್ದರೆ ಅದು ಲೈಟ್ ಟ್ರಕ್ ಟೈರ್. ಪದರ ಜಾಸ್ತಿ, ಪಕ್ಕೆ ಗಟ್ಟಿ, ತೂಕವೂ ಜಾಸ್ತಿ. ಪಕ್ಕೆ ಸೀಳಿಸಿಕೊಂಡು ಬಂದವನಿಗೆ ಅದೇ ಬೇಕು ಅನಿಸುತ್ತದೆ ಅಲ್ವಾ? ನನಗೂ ಅನಿಸಿತು. ಆದರೆ ಜಿಮ್ನಿಯ ತೂಕ 1,200 ಕೆಜಿಗೆ ಹತ್ತಿರ, ಅಷ್ಟೇ. ಎರಡು ಟನ್ ಗಾಡಿಗೆ ಮಾಡಿದ ಗಟ್ಟಿ ಪಕ್ಕೆ ಇಷ್ಟು ಹಗುರ ಗಾಡಿಯಡಿ ಬಾಗುವುದೇ ಇಲ್ಲ, ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಎಲ್‌ಟಿ ಹಾಕಿದ್ದ ಸ್ನೇಹಿತರ ಗಾಡಿಯಲ್ಲಿ ಒಂದು ದಿನ ದೇವರಮನೆ ಬೆಟ್ಟಕ್ಕೆ ಹೋಗಿಬಂದೆ. ಸೊಂಟವೇ ಉತ್ತರ ಹೇಳಿತು. ಎಲ್‌ಟಿ ಅಲ್ಲದ ಆಲ್ ಟೆರೇನ್ ತಗೊಂಡೆ. ಲೋಡ್ ಇಂಡೆಕ್ಸ್ 100, ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ. ಬೇಕಾದಷ್ಟಾಯಿತು. ಅಂಗಡಿಯಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೇ. ಪಕ್ಕೆಯ ಮೇಲೆ ತಯಾರಿಯ ನಾಲ್ಕು ಅಂಕಿ ಇರುತ್ತದೆ. 0924 ಅಂದರೆ 2024ರ ಒಂಬತ್ತನೇ ವಾರ. ಮೊದಲು ತಂದ ಜೋಡಿ ಎರಡು ವರ್ಷ ಹಳೆಯದು. ವಾಪಸ್ ಕಳಿಸಿದೆ.

ತಪ್ಪು ಮಾಡಿದ್ದೂ ಅಲ್ಲೇ. ನಾಲ್ಕೇ ತಗೊಂಡೆ. ಸ್ಟೆಪ್ನಿ ಹಳೇ 195 ಇರಲಿ, ಸುಮ್ನೆ ಯಾಕೆ ಎಂಟು ಸಾವಿರ ದಂಡ ಅಂತ. ಅದರ ಕಥೆ ಆಮೇಲೆ ಹೇಳುತ್ತೇನೆ.

ಮನೆಗೆ ಬಂದು ಹಳೆಯ ಚಕ್ರವನ್ನೂ ಹೊಸ ಚಕ್ರವನ್ನೂ ಕಾಫಿ ತೂಗುವ ಯಂತ್ರದ ಮೇಲಿಟ್ಟು ನೋಡಿದೆ. ಒಂದೊಂದಕ್ಕೆ ಮೂರು ಕೆಜಿಗೆ ಹತ್ತಿರ ಜಾಸ್ತಿ. ಏರಿನಲ್ಲಿ ಅದು ಗೊತ್ತಾಗುತ್ತದೆ. ಮೊದಲು ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕು. ಮೈಲೇಜ್ 14ರಿಂದ 12.5ಕ್ಕೆ ಬಂತು. ಇದರಲ್ಲಿ ಸ್ವಲ್ಪ ಕಣ್ಕಟ್ಟೂ ಇದೆ. ಚಕ್ರ ದೊಡ್ಡದಾದ್ದರಿಂದ ಮೀಟರ್ 100 ಕಿಲೋಮೀಟರ್ ಅಂದಾಗ ಗಾಡಿ ಮೊದಲಿಗಿಂತ ಒಂದೂವರೆ ಕಿಲೋಮೀಟರ್ ಜಾಸ್ತಿ ಓಡಿರುತ್ತದೆ. ಅದನ್ನು ಸೇರಿಸಿದರೂ ನಷ್ಟ ನಷ್ಟವೇ. ಸದ್ದು ಅರವತ್ತರ ಮೇಲೆ ಶುರು, ಜೇನುಹುಳದ ತರ. ಹಾಡು ಸ್ವಲ್ಪ ಜೋರಾಗಿ ಹಾಕಿದರೆ ಆಯಿತು.

ಮೊದಲ ದೊಡ್ಡ ಮಳೆ ಬಂತು. ಹೊಸ ಟೈರ್‌ನ ಹುಮ್ಮಸ್ಸಿನಲ್ಲಿ ಏರಿಗೆ ಬಿಟ್ಟೆ. ಅರ್ಧ ಹತ್ತಿ ಗಾಡಿ ಅಡ್ಡಡ್ಡ ಜಾರಿ ಚರಂಡಿಗೆ ಒರಗಿ ನಿಂತಿತು. ಇಳಿದು ನೋಡಿದರೆ ಟೈರ್‌ನ ಹಲ್ಲೇ ಕಾಣುತ್ತಿಲ್ಲ. ಚಕ್ಕುಲಿ ಒರಳಿಗೆ ಹಿಟ್ಟು ತುಂಬಿದ ಹಾಗೆ ಕೆಂಪು ಜೇಡಿ ಸಂದಿಗೊಂದಿ ತುಂಬಿಕೊಂಡು ನಾಲ್ಕೂ ನುಣ್ಣಗಾಗಿದ್ದವು. ಆಲ್ ಟೆರೇನ್ ಅನ್ನುವ ಹೆಸರನ್ನು ನಂಬಬೇಡಿ. ಜಲ್ಲಿ, ಒದ್ದೆ ಕಲ್ಲು, ಹುಲ್ಲು, ಕಿತ್ತುಹೋದ ಟಾರ್, ಇವು ಅದರ ಜಾಗ. ಜೇಡಿಕೆಸರಿಗೆ ದೊಡ್ಡ ಸಂದಿಯ ಮಡ್ ಟೆರೇನ್ ಬೇರೆಯೇ ಇದೆ. ಅದನ್ನು ನಾನು ಹಾಕಲಿಲ್ಲ. ನನ್ನ ಓಟ ನೂರರಲ್ಲಿ ಎಂಬತ್ತು ಟಾರ್ ಮೇಲೆ. ಒದ್ದೆ ಟಾರ್‌ನಲ್ಲಿ ಆ ಟೈರ್‌ನ ಬ್ರೇಕ್ ಹಿಡಿತ ಕಡಿಮೆ, ಸವೆತವೂ ಬೇಗ.

ಮಾವ ಕೊಡೆ ಹಿಡಿದುಕೊಂಡು ಬಂದು ಟೈರ್‌ಗೆ ಒಂದು ಒದ್ದರು. "ಕಲ್ಲು ಇದ್ದಂಗಿದೆ. ಎಷ್ಟು ಗಾಳಿ?"

ನನಗೆ ಗೊತ್ತಿರಲಿಲ್ಲ. ಅಳೆದರೆ 35 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಲೆಕ್ಕ). ಅಂಗಡಿಯ ಹುಡುಗ ಎಲ್ಲ ಎಸ್‌ಯುವಿಗೂ ಹಾಕುವಷ್ಟೇ ಹಾಕಿ ಕಳಿಸಿದ್ದ, ನಾನೂ ನೋಡಿರಲಿಲ್ಲ. ಮಳೆಯಲ್ಲೇ ನಾಲ್ಕನ್ನೂ 18ಕ್ಕೆ ಇಳಿಸಿದೆವು. ಲೋ ರೇಂಜ್, ಎರಡನೇ ಗೇರ್, ಸಮನಾದ ಆಕ್ಸಿಲರೇಟರ್. ಗಾಡಿ ಚರಂಡಿಯಿಂದ ಎದ್ದು ಮೆಲ್ಲಗೆ ಹತ್ತಿಬಿಟ್ಟಿತು. ಅದೇ ಟೈರ್, ಅದೇ ಕೆಸರು.

ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಗಲ ಸ್ವಲ್ಪವೇ ಹೆಚ್ಚುವುದು. ಮುಖ್ಯವಾಗಿ ನೆಲದ ಮೇಲಿನ ಅಚ್ಚು ಉದ್ದವಾಗುತ್ತದೆ. ಜಾಸ್ತಿ ಹಲ್ಲುಗಳು ಒಟ್ಟಿಗೆ ನೆಲ ಹಿಡಿಯುತ್ತವೆ. ಹಲ್ಲುಗಳು ಬಾಗುವುದರಿಂದ ಮಣ್ಣೂ ಸ್ವಲ್ಪ ಉದುರುತ್ತದೆ. ಈಗ ನನ್ನ ಲೆಕ್ಕ ಹೀಗಿದೆ: ಕೆಸರಿಗೆ 18, ಕಲ್ಲುದಾರಿಗೆ 20ರಿಂದ 22. ಹದಿನೈದರ ಕೆಳಗೆ ಹೋಗುವುದಿಲ್ಲ, ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರ್ ಹತ್ತುವ ಮುಂಚೆ ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಪಕ್ಕೆ ಬಿಸಿಯಾಗಿ ಒಳಗಿಂದಲೇ ಹಾಳಾಗುತ್ತದೆ. ಸೀಟಿನಡಿ ಸಣ್ಣ 12 ವೋಲ್ಟ್ ಕಂಪ್ರೆಸರ್ ಇಟ್ಟಿದ್ದೇನೆ. ನಾಲ್ಕಕ್ಕೂ ತುಂಬುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತದೆ. ದುಬಾರಿ ಬ್ರ್ಯಾಂಡ್‌ಗೆ ಕೊಡುವ ದುಡ್ಡಿನಲ್ಲಿ ಮೊದಲು ಇದನ್ನೂ ಒಂದು ಒಳ್ಳೆ ಗೇಜನ್ನೂ ತಗೊಳ್ಳಿ ಅಂತಲೇ ನಾನು ಕೇಳಿದವರಿಗೆಲ್ಲ ಹೇಳುವುದು.

ಟಾರ್ ಮೇಲೆ ಎಷ್ಟಿರಬೇಕು ಅನ್ನುವುದನ್ನು ಸೀಮೆಸುಣ್ಣದಿಂದ ಕಂಡುಕೊಂಡೆ. ಟೈರ್ ಮೇಲೆ ಅಡ್ಡಕ್ಕೆ ದಪ್ಪ ಗೆರೆ ಎಳೆಯಬೇಕು. ಒಣಗಿದ ಸಮತಟ್ಟು ರಸ್ತೆಯಲ್ಲಿ ಐವತ್ತು ಮೀಟರ್ ನೇರ ಓಡಿಸಿ ಇಳಿದು ನೋಡಬೇಕು. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. 35ರಲ್ಲಿ ನಡುವಿನ ಎರಡು ಸಾಲು ಮಾತ್ರ ಅಳಿಸಿತ್ತು. ಅಂದರೆ ದುಡ್ಡು ಕೊಟ್ಟು ತಗೊಂಡ ಟೈರ್‌ನಲ್ಲಿ ಅರ್ಧವನ್ನು ಬಳಸುತ್ತಲೇ ಇರಲಿಲ್ಲ. ಎರಡೆರಡೇ ಇಳಿಸುತ್ತಾ ಬಂದೆ. ಮುಂದೆ 27, ಹಿಂದೆ 28ಕ್ಕೆ ಗೆರೆ ಸಮನಾಗಿ ಅಳಿಸಿತು. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುವ ಅಂಕಿಗೆ ಹತ್ತಿರವೇ. ಸ್ಟಿಕರ್‌ಗಿಂತ ಕಡಿಮೆ ಮಾಡಿ ಟಾರ್ ಮೇಲೆ ಓಡಿಸಬಾರದು. ಹಿಂದೆ ಗೊಬ್ಬರದ ಚೀಲ ಹಾಕಿದ ದಿನ ನಾಲ್ಕೈದು ಜಾಸ್ತಿ. ಅಳೆಯುವುದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ಮೂಡಿಗೆರೆಯಿಂದ ಕೊಟ್ಟಿಗೆಹಾರ ಮುಟ್ಟಿ ನೋಡಿದರೆ ಎರಡು ಮೂರು ಪಿಎಸ್‌ಐ ಏರಿರುತ್ತದೆ. ಆಗ ಬಿಡುವುದಕ್ಕೆ ಹೋಗಬೇಡಿ.

ಈಗ ಸ್ಟೆಪ್ನಿ ಕಥೆ. ಆಗಸ್ಟ್‌ನಲ್ಲಿ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಹಳೇ 195 ಹಾಕಿಕೊಂಡು ಹೊರಟೆ. ಕೆಸರು ದಾಟಲು ಫೋರ್ ಹೈ (ನಾಲ್ಕೂ ಚಕ್ರ ಎಳೆಯುವ ಮಾಮೂಲಿ ವೇಗದ ಗೇರ್) ಹಾಕಿದವನು ಕಾಂಕ್ರೀಟ್ ಬಂದರೂ ತೆಗೆಯಲು ಮರೆತೆ. ಎರಡು ತಿರುವು ಆದ ಮೇಲೆ ಸ್ಟೀರಿಂಗ್ ಬಿಗಿ ಅನಿಸಿತು. ಲಿವರ್ ಎಳೆದರೆ ಬರಲೇ ಇಲ್ಲ. ಜಿಮ್ನಿಯಲ್ಲಿ ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಹೇಗೂ ವ್ಯತ್ಯಾಸ ಬರುತ್ತದೆ, ಇಲ್ಲಿ ಟೈರ್ ಅಳತೆಯ ವ್ಯತ್ಯಾಸವೂ ಸೇರಿತು. ಕೆಸರಲ್ಲಿ ಚಕ್ರ ಜಾರಿ ಸರಿಮಾಡಿಕೊಳ್ಳುತ್ತದೆ. ಕಾಂಕ್ರೀಟ್‌ನಲ್ಲಿ ಜಾರಲು ಜಾಗವಿಲ್ಲ, ಗೇರುಗಳೆಲ್ಲ ಮುರಿಗೆ ಬಿದ್ದ ಹಗ್ಗದ ತರ ಬಿಗಿದುಕೊಳ್ಳುತ್ತವೆ. ನೇರವಾಗಿ ಹತ್ತಿಪ್ಪತ್ತು ಅಡಿ ರಿವರ್ಸ್ ಹೋದೆ. ಟಕ್ ಅಂತ ಬಿಟ್ಟುಕೊಂಡಿತು. ಏನೂ ಮುರಿಯಲಿಲ್ಲ, ನನ್ನ ಪುಣ್ಯ. ಮರುವಾರ ಐದನೇ ಟೈರ್ ತಗೊಂಡೆ. ಫೋರ್ ವೀಲ್ ಗಾಡಿಗೆ ಟೈರ್ ಅಂದರೆ ಐದು.

ಐದೂ ಒಂದೇ ಅಂದಮೇಲೆ ಐದನ್ನೂ ಸುತ್ತಿಸುತ್ತೇನೆ. ಪ್ರತಿ 8,000 ಕಿಲೋಮೀಟರ್‌ಗೆ ಸ್ಟೆಪ್ನಿ ಕೆಳಗೆ ಬರುತ್ತದೆ, ಒಂದು ಮೇಲೆ ಹೋಗುತ್ತದೆ. ಒಂದು ಸಲ ಸೋಮಾರಿತನ ಮಾಡಿ 13,000ಕ್ಕೆ ಎಳೆದೆ. ಮುಂದಿನ ಟೈರ್‌ಗಳ ಹಲ್ಲು ಗರಗಸದ ತರ ಒಂದು ಕಡೆ ಸವೆದಿತ್ತು. ಕೈ ಆಡಿಸಿದರೆ ಗೊತ್ತಾಗುತ್ತದೆ. ಜೇನುಹುಳದ ಸದ್ದು ಅಂದಿನಿಂದ ಟ್ರ್ಯಾಕ್ಟರ್ ಸದ್ದಾಗಿದೆ, ಕಡಿಮೆಯಾಗಿಲ್ಲ. ಸಂದಿಯಲ್ಲಿ ಸಿಕ್ಕ ಜಲ್ಲಿಕಲ್ಲನ್ನು ಹದಿನೈದು ದಿನಕ್ಕೊಮ್ಮೆ ಸ್ಕ್ರೂಡ್ರೈವರ್‌ನಿಂದ ಕೀಳುತ್ತೇನೆ. ಅದು ಈಗ ಮಗನ ಕೆಲಸ, ಕಲ್ಲಿಗೆ ಒಂದು ರೂಪಾಯಿ.

ಚಾರ್ಮಾಡಿ ಬಗ್ಗೆ ಒಂದು ಮಾತು. ಮಳೆಯಲ್ಲಿ ಘಾಟಿ ಇಳಿಯುವಾಗ ಈ ಟೈರ್ ಹಳೆಯದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಸ್ವಲ್ಪ ದೂರ ಜಾಸ್ತಿಯೇ ಬೇಕು. ಮುಂದಿನ ಲಾರಿಗೂ ನನಗೂ ನಡುವೆ ಮೊದಲಿಗಿಂತ ಜಾಸ್ತಿ ಜಾಗ ಬಿಡುತ್ತೇನೆ.

31,000 ಕಿಲೋಮೀಟರ್ ಆಗಿದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಹಲ್ಲು ಉಳಿಯುವವರೆಗೆ ಓಡಿಸಬಹುದು. ನಮ್ಮ ಏರಿಗೆ ಆ ಲೆಕ್ಕ ನಡೆಯುವುದಿಲ್ಲ. ನಾಲ್ಕು ಮಿಲಿಮೀಟರ್‌ಗೆ ಇಳಿದರೆ 18 ಪಿಎಸ್‌ಐಗೆ ಇಳಿಸಿದರೂ ಜಾರುತ್ತದೆ. ಈಗ ಐದಿದೆ. ಇನ್ನೊಂದು ಕಾಫಿ ಕುಯ್ಲು ಮುಗಿಸಿ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಬದಲಾಯಿಸಬೇಕು. ಅಳತೆ ಅದೇ 215. ಹಳೆಯದರಲ್ಲಿ ಎರಡನ್ನು ಮಾವ ಈಗಲೇ ಕೇಳಿಟ್ಟಿದ್ದಾರೆ, ಎತ್ತಿನಗಾಡಿಗಂತೆ.