ದತ್ತು ಮಗ ಹದಿಹರೆಯಕ್ಕೆ ಬಂದಾಗ: ನಮ್ಮ ಮನೆಯಲ್ಲಿ ನಾವು ಪಾಲಿಸಿದ ಕ್ರಮ

ಐದಾರು ವರ್ಷ ತುಂಬಿದ ಮೇಲೆ ದತ್ತಾಗಿ ಬಂದ ಮಗುವಿಗೆ 13–14 ಆಗುತ್ತಿದ್ದಂತೆ ಮನೆ ರಣರಂಗವಾದರೆ ಅದಕ್ಕೆ ಬರೀ ವಯಸ್ಸು ಕಾರಣವಲ್ಲ. ‘ನೀನು ನಮಗೆ ಸಿಕ್ಕ ಮಗು’ ಎಂದಾಗ ಚಿಕ್ಕಂದಿನಲ್ಲಿ ಹಿಗ್ಗುತ್ತಿದ್ದವನಿಗೆ ಈಗ ಇನ್ನೊಂದು ವಿಷಯ ಹೊಳೆಯುತ್ತದೆ: ನಾನು ಇವರಿಗೆ ಸಿಗಬೇಕಾದರೆ ಯಾರೋ ನನ್ನನ್ನು ಬಿಟ್ಟಿರಬೇಕು. ಎಳವೆಯಲ್ಲಿ ಹಸಿವು, ಹೊಡೆತ, ಆಗಾಗ ಬದಲಾಗುವ ಆಯಾಗಳನ್ನು ಕಂಡ ಮಗುವಿನ ಮೈ ಸಣ್ಣ ಗದರಿಕೆಯನ್ನೂ ಅಪಾಯವೆಂದೇ ಓದುತ್ತದೆ. ಬಾಗಿಲು ಒದೆಯುವುದು, ಕದಿಯುವುದು, ‘ನೀವು ನನ್ನವರಲ್ಲ’ ಎನ್ನುವುದು, ಇವೆಲ್ಲದರ ಹಿಂದೆ ಹೆಚ್ಚಾಗಿ ಇರುವುದು ಒಂದೇ ಪ್ರಶ್ನೆ: ಬಿಡುವವರಿದ್ದರೆ ಈಗಲೇ ಬಿಡ್ತೀರಾ?

ಆದ್ದರಿಂದ ನಮ್ಮ ಮೊದಲ ಕಟ್ಟಳೆ ದೊಡ್ಡವರಿಗೆ. ‘ಹಾಸ್ಟೆಲ್‌ಗೆ ಹಾಕ್ತೀವಿ’, ‘ಎಲ್ಲಿಂದ ತಂದೆವೋ ಅಲ್ಲಿಗೇ ಬಿಡ್ತೀವಿ’, ‘ರಕ್ತದಲ್ಲೇ ಇದೆ’ ಎಂಬ ಮೂರು ಮಾತು ಎಂಥ ಸಿಟ್ಟಿನಲ್ಲೂ ಯಾರ ಬಾಯಿಂದಲೂ ಬರಕೂಡದು. ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲರಿಗೂ ಇದನ್ನು ಮೊದಲೇ, ಮಗ ಇಲ್ಲದಾಗ ಹೇಳಿಡಬೇಕು. ದತ್ತು ಆದೇಶದ ಒಂದು ಪ್ರತಿ ಅವನ ಕೈಗೇ ಕೊಡಿ. 2022ರ ಸೆಪ್ಟೆಂಬರ್‌ವರೆಗೆ ಅದನ್ನು ನ್ಯಾಯಾಲಯ ಕೊಡುತ್ತಿತ್ತು, ಈಗ ಜಿಲ್ಲಾಧಿಕಾರಿ ಕೊಡುತ್ತಾರೆ. ಆ ಆದೇಶದ ದಿನದಿಂದ ಕಾನೂನಿನ ಎಲ್ಲ ಉದ್ದೇಶಗಳಿಗೂ ಅವನು ನಮ್ಮ ಮಗ. ಆಸ್ತಿಯ ಮಾತು ಬಂದಾಗ ನೆಂಟರ ಪಿಸುಮಾತಿಗಿಂತ ಆ ಕಾಗದ ಗಟ್ಟಿ.

ಜಗಳ ಏರಿದಾಗ ಬುದ್ಧಿಮಾತು ಕಿವಿಗೆ ಹೋಗುವುದಿಲ್ಲ. ನಾವು ಕುಳಿತುಬಿಡುತ್ತೇವೆ, ದನಿ ಇಳಿಸುತ್ತೇವೆ, ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ದಾರಿ ಕಟ್ಟಿದರೆ ಮಾತಿನ ಜಗಳ ಕೈ ಜಗಳವಾಗುತ್ತದೆ. ಆಡುವುದು ಎರಡೇ ವಾಕ್ಯ. ಅವನು ‘ನೀನು ನನ್ನ ನಿಜವಾದ ಅಮ್ಮ ಅಲ್ಲ’ ಎಂದರೆ ನಾನು ಹೇಳುವುದಿಷ್ಟು: ‘ಹೆತ್ತವರು ಬೇರೆ, ಹೌದು ಕಣೋ. ನಿನ್ನ ಅಮ್ಮ ನಾನು, ಮೊಬೈಲ್ ಹತ್ತು ಗಂಟೆಗೆ ಹಾಲ್‌ನಲ್ಲಿರಬೇಕು.’ ಅಳುವುದು, ‘ಇಷ್ಟು ಮಾಡಿದೆನಲ್ಲ’ ಎಂದು ಲೆಕ್ಕ ಒಪ್ಪಿಸುವುದು ಬೇಡ. ಮಗು ಕೃತಜ್ಞತೆಯ ಸಾಲಗಾರನಲ್ಲ. ವಿಚಾರಣೆ ಮರುದಿನ, ಅದೂ ಎದುರುಬದುರು ಕೂತಲ್ಲ. ಸ್ಕೂಟರ್ ಮೇಲೆ ಹೋಗುವಾಗ, ಅವರೆಕಾಯಿ ಸುಲಿಯುವಾಗ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಕಡೆ ಅವನು ಮಾತಾಡುತ್ತಾನೆ.

ಶಿಕ್ಷೆ ಚಿಕ್ಕದಿರಬೇಕು, ತಪ್ಪಿಗೆ ಸಂಬಂಧಪಟ್ಟಿರಬೇಕು, ಮುಗಿಯುವ ಹೊತ್ತು ಮೊದಲೇ ಗೊತ್ತಿರಬೇಕು. ಒಂದು ತಿಂಗಳು ಮೊಬೈಲ್ ಇಲ್ಲ ಎಂದರೆ ಎರಡು ದಿನಕ್ಕೆ ಅವನಿಗೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಒಂದು ಸಂಜೆ ಸಾಕು. ಊಟ, ಹಬ್ಬ, ಅಜ್ಜಿಯ ಮನೆ, ನಮ್ಮ ಜೊತೆ ಹೊರಗೆ ಹೋಗುವುದು, ಇವು ಶಿಕ್ಷೆಯ ಪಟ್ಟಿಯಲ್ಲಿ ಇರಲೇಬಾರದು. ಇವನ್ನು ಕಿತ್ತುಕೊಂಡರೆ ಅವನಿಗೆ ಕೇಳಿಸುವುದು ‘ನೀನು ಹೊರಗಿನವನು’ ಎಂದೇ.

ಕಳ್ಳತನಕ್ಕೆ ಎರಡು ಬಗೆಯ ಮದ್ದು. ತಿಂಡಿ ಕದ್ದು ದಿಂಬಿನಡಿ ಬಚ್ಚಿಡುವುದು ಹಳೆಯ ಹಸಿವಿನ ನೆನಪು. ಅದಕ್ಕೆ ಅವನದೇ ಡಬ್ಬ ಮಾಡಿದ್ದೇವೆ: ಚಿಕ್ಕಿ, ಬಿಸ್ಕತ್ತು, ಹುರಿಗಡಲೆ. ಭಾನುವಾರ ತುಂಬಿಸುತ್ತೇವೆ, ಎಷ್ಟು ತಿಂದೆ ಎಂದು ಕೇಳುವುದಿಲ್ಲ. ಒಂದೇ ದಿನಕ್ಕೆ ಖಾಲಿಯಾದರೂ ಬೈಯದೆ ಮತ್ತೆ ತುಂಬಿಸಬೇಕು. ಡಬ್ಬ ಖಾಲಿ ಉಳಿಯುವುದಿಲ್ಲವೆಂದು ಮೈಗೆ ನಂಬಿಕೆ ಬರಲು ತಿಂಗಳುಗಳೇ ಬೇಕು. ದುಡ್ಡಿನ ವಿಷಯ ಬೇರೆ. ನಗದು ಬೀಗದೊಳಗಿರಲಿ. ‘ತಗೊಂಡೆಯಾ?’ ಎಂದು ಕೇಳಿದರೆ ನಾವೇ ಸುಳ್ಳು ಹೇಳಿಸಿದಂತೆ. ಗೊತ್ತಿದ್ದರೆ ನೇರವಾಗಿ ಹೇಳುವುದು: ‘ಡ್ರಾಯರ್‌ನಲ್ಲಿದ್ದ 500 ರೂಪಾಯಿ ನೀನು ತಗೊಂಡಿದ್ದೀಯ. ವಾರದ ಖರ್ಚಿನಲ್ಲಿ ಅರ್ಧ ಹಿಡಿದು ತೀರಿಸೋಣ.’ ಪೂರ್ತಿ ಹಿಡಿದರೆ ಮತ್ತೆ ಕದಿಯದೆ ಅವನಿಗೆ ದಾರಿಯಿಲ್ಲ. ಗೊತ್ತಿಲ್ಲದಿದ್ದರೆ ಅವನ ಮೇಲೆ ಹೊರಿಸುವುದು ಬೇಡವೇ ಬೇಡ.

ಶಾಲೆಯಲ್ಲಿ ವಂಶವೃಕ್ಷ ಬರೆಸುವ ಚಟುವಟಿಕೆ, ಹತ್ತನೇ ತರಗತಿಯ ಅನುವಂಶೀಯತೆಯ ಪಾಠ, ಪೂಜೆಯಲ್ಲಿ ಗೋತ್ರ ಕೇಳುವ ಪುರೋಹಿತರು, ‘ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?’ ಎನ್ನುವ ಡಾಕ್ಟರು, ಇವು ಮೊದಲೇ ಗೊತ್ತಿರುವ ಎಡವುಕಲ್ಲುಗಳು. ಪ್ರತಿಯೊಂದಕ್ಕೂ ಉತ್ತರ ಮನೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಯಾರಿಗೆ ಎಷ್ಟು ಹೇಳಬೇಕೆಂಬ ತೀರ್ಮಾನ ಅವನದು. ಹುಟ್ಟುಹಬ್ಬ ಮತ್ತು ಮನೆಗೆ ಬಂದ ದಿನದ ಆಸುಪಾಸಿನ ವಾರ ಕಾರಣವಿಲ್ಲದೆ ಕೆರಳುತ್ತಾನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ವಾರ ನೆಂಟರನ್ನು ಕರೆಯುವುದಿಲ್ಲ.

ಮನೆ ಬಿಟ್ಟು ಹೋಗುವ ದಿನಕ್ಕೆ ತಯಾರಿ ಬೇಕು: ಇತ್ತೀಚಿನ ಫೋಟೊ, ಗೆಳೆಯರ ಮತ್ತು ಅವರ ಅಪ್ಪಅಮ್ಮಂದಿರ ನಂಬರ್‌ಗಳು, ಎಲ್ಲ ಒಂದು ಹಾಳೆಯಲ್ಲಿ. ಮೊದಲು ಗೆಳೆಯರ ಮನೆ, ಸುಳಿವಿಲ್ಲದಿದ್ದರೆ ಅಂದೇ ಪೊಲೀಸ್ ಠಾಣೆ ಮತ್ತು ಮಕ್ಕಳ ಸಹಾಯವಾಣಿ 1098. ‘ನಾಳೆವರೆಗೆ ನೋಡಿ’ ಎಂದರೆ ಒಪ್ಪಬೇಡಿ. ಕಾಣೆಯಾದ ಮಕ್ಕಳ ದೂರನ್ನು ಎಫ್‌ಐಆರ್ ಆಗಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ವಾಪಸ್ ಬಂದಾಗ ಊಟ, ಸ್ನಾನ, ನಿದ್ದೆ. ಎಲ್ಲಿದ್ದೆ, ಯಾರ ಜೊತೆ ಎಂಬುದು ಬೆಳಿಗ್ಗೆ. ಗಾಯವೋ ಭಯವೋ ಕಂಡರೆ ಮಾತ್ರ ಆ ಕ್ಷಣವೇ ಕೇಳಿ, ಆಸ್ಪತ್ರೆಗೆ ಹೊರಡಿ.

ಕೈ ಕುಯ್ದುಕೊಂಡ ಗುರುತು ಕಂಡರೆ, ‘ಬದುಕಿರಬಾರದು’ ಎಂಬ ಮಾತು ಬಂದರೆ ನೇರವಾಗಿ ಕೇಳಲೇಬೇಕು: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಭಯ. ಮಾತ್ರೆಗಳು, ಇಲಿಪಾಷಾಣ, ತೋಟದ ಔಷಧಿ ಮನೆಯಿಂದಲೇ ಹೊರಗೆ ಹೋಗಲಿ. ಅವನನ್ನು ಒಂಟಿಯಾಗಿ ಬಿಡಬೇಡಿ, ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ ಫೋನ್ ಹಿಡಿದು ಕೂರದೆ ಹತ್ತಿರದ ಆಸ್ಪತ್ರೆಗೇ ಹೋಗಬೇಕು.

ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ಎಲ್ಲಿಗೆ ಹೋದರೂ ಒಂದು ಪುಟ ಬರೆದುಕೊಂಡು ಹೋಗಿ: ಯಾವ ವಯಸ್ಸಿನಲ್ಲಿ ಎಲ್ಲಿದ್ದ, ನಿದ್ದೆ ಎಷ್ಟು, ಓದಿನಲ್ಲಿ ಎಲ್ಲಿ ನಿಲ್ಲುತ್ತಾನೆ, ಸಿಟ್ಟಿಗೆ ಮುಂಚೆ ಏನಾಗುತ್ತದೆ. ದತ್ತು ಸಮಯದ ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯ ಪ್ರತಿಯೂ ಇರಲಿ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ), ಕಲಿಕಾ ನ್ಯೂನತೆ ಇದೆಯೇ ಎಂದು ಕೇಳಿ ಪರೀಕ್ಷೆ ಮಾಡಿಸಬೇಕು. ಮೊಂಡುತನವೆಂದು ಬೈಸಿಕೊಳ್ಳುವುದು ಎಷ್ಟೋ ಸಲ ಅದೇ ಆಗಿರುತ್ತದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ಶಾಲೆ ಪೂರಾ ಒಗ್ಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ವಿಷಯಗಳನ್ನು ಬಿಡಿಬಿಡಿಯಾಗಿ ಬರೆದು ಮುಗಿಸಬಹುದು. ಮಾತ್ರೆ ಕೊಟ್ಟಿದ್ದರೆ ಸುಧಾರಿಸಿದನೆಂದು ನಾವಾಗಿಯೇ ನಿಲ್ಲಿಸಬಾರದು.

ಅಮ್ಮನ ಮೇಲೆ ಕೂಗಾಡಿ ಅಪ್ಪನ ಜೊತೆ ಸಕ್ಕರೆಯಾಗಿರುವುದು ಸಾಮಾನ್ಯ. ಹತ್ತಿರವಾದವರನ್ನೇ ಹೆಚ್ಚು ಪರೀಕ್ಷಿಸುವುದು. ದುಡ್ಡು, ಮೊಬೈಲ್, ರಾತ್ರಿ ಹೊರಗಿರುವುದು, ಈ ಮೂರಕ್ಕೆ ಒಬ್ಬರೇ ಒಪ್ಪಿಗೆ ಕೊಡುವುದಿಲ್ಲವೆಂದು ನಾವಿಬ್ಬರೂ ನಿಯಮ ಮಾಡಿಕೊಂಡಿದ್ದೇವೆ. ವಾರಕ್ಕೊಂದು ಸಂಜೆ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ ಬಿಡುವು. ದಣಿದವರ ಬಾಯಿಂದಲೇ ಆಡಬಾರದ ಮಾತು ಬರುವುದು.

ಹೆತ್ತವರ ಬಗ್ಗೆ ಗೊತ್ತಿರುವುದನ್ನು, ಕಹಿಯಾದದ್ದನ್ನೂ, ಹದಿಹರೆಯ ಶುರುವಾಗುವ ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಗೊತ್ತಿಲ್ಲದ್ದಕ್ಕೆ ಕಥೆ ಕಟ್ಟಬಾರದು. ಮೂಲ ಹುಡುಕಬೇಕೆಂದರೆ 2022ರ ದತ್ತು ನಿಯಮಗಳ ಪ್ರಕಾರ 18 ತುಂಬುವ ಮೊದಲು ನಮ್ಮ ಜೊತೆ ಜಂಟಿಯಾಗಿ, ಆಮೇಲೆ ಅವನೊಬ್ಬನೇ ಅರ್ಜಿ ಹಾಕಬಹುದು. ಹೆತ್ತವರ ಗೋಪ್ಯತೆಗೂ ಕಾನೂನಿನ ರಕ್ಷಣೆಯಿದೆ. ಹಾಗಾಗಿ ಉತ್ತರ ‘ಇಲ್ಲ’ ಎಂದೂ ಬರಬಹುದು ಎಂಬುದನ್ನು ಅರ್ಜಿಗೆ ಮುಂಚೆಯೇ ಕೂತು ಮಾತಾಡಿರಬೇಕು. ಪರೀಕ್ಷೆಯ ವರ್ಷದಲ್ಲಿ ಈ ಕೆಲಸ ಶುರುಮಾಡದಿರುವುದು ಮೇಲು. ಅವನೇ ಹಟ ಹಿಡಿದರೆ ಆಪ್ತಸಲಹೆಗಾರರನ್ನು ಜೊತೆಗಿಟ್ಟುಕೊಂಡೇ ಹೊರಡಿ.