ಕಪ್ಪೆ ಸುಮ್ಮನಾದರೆ ಸಾಕು

ನಮ್ಮ ಹಾರರ್ ಕಂಪ್ಯೂಟರ್ ಗೇಮ್‌ನಲ್ಲಿ ದೆವ್ವ ಇಲ್ಲ, ರಕ್ತ ಇಲ್ಲ, ಕಿರುಚಿಕೊಂಡು ಎದುರು ಬರುವ ಮುಖವೂ ಇಲ್ಲ. ಆದರೂ ಡೆಮೊ ಆಡಿದವರಲ್ಲಿ ಅರ್ಧಕ್ಕರ್ಧ ಜನ ಹೆದರಿ ಕೆರೆಬದಿಯಲ್ಲೇ ನಿಂತುಬಿಟ್ಟರು. "ಎಂತ ಮಾರಾಯ, ಒಂದು ಪ್ರೇತವೂ ಇಲ್ಲದೆ ಹೆದರಿಸ್ಲಿಕ್ಕೆ ಆಗ್ತದಾ?" ಎಂದು ನಕ್ಕವರೇ ಈಗ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ.

ಕಥೆಯ ಜಾಗ, ಬಾಗಿಲು ಮುಚ್ಚಿದ ಹಂಚಿನ ಕಾರ್ಖಾನೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಇಂಥದ್ದೊಂದನ್ನು ಶುರು ಮಾಡಿದ ಮೇಲೆ ಹೊಳೆಬದಿಗಳಲ್ಲಿ ಎಷ್ಟೋ ಎದ್ದವು, ಎಷ್ಟೋ ಮುಚ್ಚಿದವು; ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಮೊದಲು ದುಡ್ಡು ಸುರಿದದ್ದು ಒಂದು ರಾಕ್ಷಸನ ಮಾಡೆಲ್‌ಗೆ. ಅನಿಮೇಶನ್ ಸೇರಿ ಮೂವತ್ತೈದು ಸಾವಿರದ ಹತ್ತಿರ. ಮೊದಲ ಸಲ ಕಂಡಾಗ ಬೆಚ್ಚಿದರು, ಮೂರನೇ ಸಲ ಅದರ ಮೊಣಕಾಲು ಕಂಬದೊಳಗೆ ತೂರುವುದನ್ನು ತೋರಿಸಿ ನಕ್ಕರು. ತೆಗೆದು ಹಾಕಿದೆ. ದೈವದ ಕೋಲದ ದೃಶ್ಯ ಒಂದು ಹಾಕು, ಓಡ್ತದೆ ಅಂದವರೂ ಉಂಟು. ಹರಕೆ ಹೊತ್ತು ಕೈಮುಗಿಯುವ ದೈವವನ್ನು ನಾನು ಗುಮ್ಮನಾಗಿ ಮಾಡಲಾರೆ, ಆ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಮಂಜು. 1999ರ ಸೈಲೆಂಟ್ ಹಿಲ್ ಎಂಬ ಹಾರರ್ ಗೇಮ್‌ನವರು ಪ್ಲೇಸ್ಟೇಶನ್‌ಗೆ ದೂರದ್ದನ್ನು ಬಿಡಿಸುವ ಶಕ್ತಿ ಇಲ್ಲದ್ದನ್ನು ಮಂಜಿನಲ್ಲಿ ಮುಚ್ಚಿ ಗೆದ್ದರು. ನಾನು ಗೇಮ್ ಕಟ್ಟುವ ಗೋಡೋ ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮೆಟ್ರಿಕ್ ಫಾಗ್, ಅಂದರೆ ಜಾಗದ ತುಂಬ ಹರಡುವ ಮಂಜು, ಹಾಕಿದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೆ ಫ್ರೇಮ್ ಇಪ್ಪತ್ತಕ್ಕಿಳಿಯಿತು. ಅಲ್ಲದೆ ಇದು ಮಡಿಕೇರಿಯೂ ಅಲ್ಲ. ನಮ್ಮಲ್ಲಿ ಕಣ್ಣು ಕಟ್ಟುವುದು ಆಟಿ ತಿಂಗಳ ಮಳೆ.

ಕೊನೆಗೆ ಕೆಲಸ ಮಾಡಿದ್ದು ಕಪ್ಪೆ. ಕೆರೆಯ ಸುತ್ತ ಮೂವತ್ತರಷ್ಟು ಕಡೆ ಒಂದೊಂದು ತ್ರೀಡಿ ಆಡಿಯೋ ನೋಡ್, ಅಂದರೆ ಸದ್ದು ಆ ಜಾಗದಿಂದಲೇ ಬಂದ ಹಾಗೆ ಕೇಳಿಸುವ ಬಿಂದು. ಆಟಗಾರ ನಾಲ್ಕು ಮೀಟರ್ ಒಳಗೆ ಬಂದರೆ ಆ ಕಪ್ಪೆ ಸುಮ್ಮನಾಗುತ್ತದೆ, ದಾಟಿ ಹೋದ ಸ್ವಲ್ಪ ಹೊತ್ತಿಗೆ ಮತ್ತೆ ವಟಗುಟ್ಟುತ್ತದೆ. ಮೊದಲ ಕಾಲು ಗಂಟೆ ಇಷ್ಟೇ. ಯಾರಿಗೂ ಏನೂ ಹೇಳಿಕೊಡುವುದಿಲ್ಲ, ಕಿವಿ ತಾನೇ ಕಲಿಯುತ್ತದೆ. ಆಮೇಲೆ ಯಾರೂ ಇಲ್ಲದ ಆಚೆ ದಡದಲ್ಲಿ ಒಂದು ಕಪ್ಪೆ ನಿಲ್ಲುತ್ತದೆ. ಪಕ್ಕದ್ದು ನಿಲ್ಲುತ್ತದೆ. ಅದರ ಪಕ್ಕದ್ದು. ಆ ಮೌನ ನಡಿಗೆಯ ವೇಗಕ್ಕಿಂತ ತುಸು ನಿಧಾನವಾಗಿ ದಡ ಸುತ್ತಿ ನಿಮ್ಮ ಕಡೆ ಬರುತ್ತದೆ. ಅಲ್ಲಿರುವುದು ಮೊದಲೇ ಎಳೆದಿಟ್ಟ ದಾರಿಯ ಮೇಲೆ ಜಾರುವ ಖಾಲಿ ನೋಡ್, ಅಷ್ಟೇ. ಆಟಗಾರ ನಿಂತರೆ ಅದು ಏನು ಮಾಡುತ್ತದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ, ಹೊಟ್ಟೆಪಾಡು.

ಖರೀದಿಸಿದ ಸೌಂಡ್ ಲೈಬ್ರರಿಯ ಕಪ್ಪೆಗಳು ಅಮೆರಿಕದವು, ನಮ್ಮ ಗದ್ದೆಯ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಹತ್ತು ಸಾವಿರದ ಆಸುಪಾಸಿನ ರೆಕಾರ್ಡರ್ ತಗೊಂಡು ಗುರುಪುರದ ಕಡೆ ಗದ್ದೆಬದಿಯಲ್ಲಿ ರಾತ್ರಿ ಕೂತೆ. ಕೊಡೆಯ ಕೆಳಗೆ ಬರೀ ಬಟ್ಟೆಯ ಪಟಪಟ. ಅಜ್ಜನ ಕಾಲದ ಗೊರಬು, ಓಲೆಯ ಮಳೆಹೊದಿಕೆ, ಹೊದೆಸಿ ನೋಡಿದೆ. ಕಪ್ಪೆಗೆ ಅದೂ ಪ್ರಯೋಜನವಾಗಲಿಲ್ಲ, ಆದರೆ ಓಲೆಯ ಮೇಲೆ ಬಿದ್ದ ಮಳೆಯ ಸದ್ದನ್ನು ಪಿಚ್ ಇಳಿಸಿ ಹಂಚು ಸುಡುವ ಭಟ್ಟಿಯೊಳಗಿನ ದೃಶ್ಯಕ್ಕೆ ಹಾಕಿದ್ದೇನೆ, ಯಾರೋ ಬೆರಳಾಡಿಸಿದ ಹಾಗೆ ಕೇಳುತ್ತದೆ. ಕಪ್ಪೆ ಕೊನೆಗೆ ಸಿಕ್ಕಿದ್ದು ಮಳೆ ಬಿಟ್ಟ ಮೇಲೆಯೇ. ಮಳೆಯನ್ನು ಬೇರೆಯಾಗಿ ಮೂರು ಲೂಪ್ ಮಾಡಿದೆ: 47, 61, 83 ಸೆಕೆಂಡಿನವು. ಉದ್ದ ಹೊಂದದ ಕಾರಣ ಮರುಕಳಿಸುವುದು ಗೊತ್ತಾಗುವುದಿಲ್ಲ.

20 ಹರ್ಟ್ಸ್‌ನ ಕೆಳಗಿನ, ಕಿವಿಗೆ ಕೇಳದಷ್ಟು ತಗ್ಗಿನ ಸದ್ದಿಗೆ ಜನ ಹೆದರುತ್ತಾರಂತೆ ಎಂದು ಅದನ್ನೂ ಮಾಡಿ ನೋಡಿದೆ. ಲ್ಯಾಪ್‌ಟಾಪ್ ಸ್ಪೀಕರ್‌ನಿಂದ ಅದು ಹೊರಗೇ ಬರುವುದಿಲ್ಲ, ಬಿಡಿ.

ಒಟ್ಟು ಖರ್ಚು ಒಂದೂಕಾಲು ಲಕ್ಷದೊಳಗೆ. ರಾಕ್ಷಸ ಮತ್ತು ಲೈಬ್ರರಿ ಬಿಟ್ಟರೆ ಇನ್ನೂ ಎಷ್ಟೋ ಕಡಿಮೆ. ಮೊಬೈಲ್‌ಗೆ ಯಾವಾಗ ಎಂದು ಕೇಳುವವರಿಗೆ: ಕಪ್ಪೆ ಯಾವ ಬದಿಯಲ್ಲಿ ನಿಂತಿತು ಎಂದು ಫೋನ್ ಸ್ಪೀಕರ್‌ನಲ್ಲಿ ಗೊತ್ತಾಗುವುದಿಲ್ಲ. ಇಯರ್‌ಫೋನ್ ಕಡ್ಡಾಯ ಮಾಡುವ ಧೈರ್ಯ ಬಂದ ದಿನ ನೋಡೋಣ.