ರೇಡ್ ಕಾರ್ಡ್ ಬದಲಿಸಿದಾಗ ಡಿಸ್ಕ್‌ಗಳು 'ಫಾರಿನ್' ಎಂದು ಕಂಡದ್ದು, ಆಮೇಲೆ ಸರಿಹೋದ ಬಗೆ

ಸರ್ವರ್‌ನ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಹಳೆಯ ಮೆಗಾರೇಡ್ ಕಾರ್ಡ್‌ನಿಂದ ಹೊಸದಕ್ಕೆ ಸಾಗಿಸಿದ ರೇಡ್ 5ರ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ನಾಲ್ಕೂ ಡಿಸ್ಕ್ 'ಫಾರಿನ್', ಅಂದರೆ ಬೇರೆ ಕಾರ್ಡಿನವು, ಎಂದು ಕಂಡವು; ಅವೆಲ್ಲ ಸೇರಿ ಒಂದೇ ಡಿಸ್ಕಿನಂತೆ ಕಾಣಬೇಕಾದ ವಾಲ್ಯೂಮ್ ಮಾತ್ರ ಇಲ್ಲ. ಗಾಬರಿ ಬೇಡ. ರೇಡ್ ಜೋಡಣೆಯ ಮಾಹಿತಿ ಪ್ರತಿ ಡಿಸ್ಕ್‌ನಲ್ಲೇ ಇರುತ್ತದೆ. ಹೊಸ ಕಾರ್ಡ್ ಅದನ್ನಿನ್ನೂ ತನ್ನದೆಂದು ಒಪ್ಪಿಲ್ಲ, ಅಷ್ಟೆ.

ಕಾರ್ಡಿನ ಸೆಟ್ಟಿಂಗ್ ಪರದೆಯಾದ ಕಾನ್ಫಿಗರೇಶನ್ ಯುಟಿಲಿಟಿಯಲ್ಲಿ ಮೊದಲು ಆ ಜೋಡಣೆಯನ್ನು ತೋರಿಸುವ ಪ್ರಿವ್ಯೂ, ಆಮೇಲೆ ಅದನ್ನು ಒಪ್ಪಿಕೊಳ್ಳುವ ಇಂಪೋರ್ಟ್ ಒತ್ತಿದೆ. ವಾಲ್ಯೂಮ್ ಡೇಟಾ ಸಮೇತ ಮರಳಿತು. ಸ್ಲಾಟ್ ಕ್ರಮ ಅದಲುಬದಲಾದರೂ ತೊಂದರೆಯಿಲ್ಲ. ಪ್ರಿವ್ಯೂನಲ್ಲಿ ಮೂರೇ ಡಿಸ್ಕ್ ಕಂಡರೆ ನಿಲ್ಲಿಸಿ, ಕೇಬಲ್ ನೋಡಿ. ಹಾಗೇ ಮುಂದುವರಿದರೆ ವಾಲ್ಯೂಮ್ ಡಿಗ್ರೇಡೆಡ್ ಆಗಿ (ಒಂದು ಡಿಸ್ಕ್ ಇಲ್ಲದೆ) ಬರುತ್ತದೆ, ನಾಲ್ಕನೆಯದಕ್ಕೆ ರೀಬಿಲ್ಡ್ (ಅದರ ಡೇಟಾವನ್ನು ಉಳಿದವುಗಳಿಂದ ಮತ್ತೆ ಕಟ್ಟುವುದು) ಬೇಕಾಗುತ್ತದೆ. 'ಕ್ಲಿಯರ್' ಒತ್ತಲೇಬೇಡಿ, ಅದು ಡಿಸ್ಕ್‌ಗಳಲ್ಲಿರುವ ಜೋಡಣೆಯ ಮಾಹಿತಿಯನ್ನೇ ಅಳಿಸುತ್ತದೆ. 'ಇನಿಶಿಯಲೈಸ್' ಇನ್ನೂ ಕೆಟ್ಟದ್ದು, ಡೇಟಾವನ್ನೇ ಅಳಿಸುತ್ತದೆ.

ಡಿಸ್ಕ್ ಕೀಳುವ ಮುನ್ನ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಬರೆಯದೆ ಉಳಿದ ಡೇಟಾ ಹಳೆಯ ಕಾರ್ಡ್‌ನ ತಾತ್ಕಾಲಿಕ ಮೆಮೊರಿಯಾದ ಕ್ಯಾಶ್‌ನಲ್ಲೇ ಸಿಕ್ಕಿಕೊಳ್ಳುತ್ತದೆ.